ಗಾಳಿಮರದ ಮರೆ

ಕಡಲ ಕೊರೆತ ತಡೆಯಲು ಊರವರೇ ಸೇರಿ ದಂಡೆಯಲ್ಲಿ ಗಿಡ ನೆಡೋಣ ಎಂದಾಗ, ಕೆಲಸಕ್ಕೆ ಬರುವವರ ಪಟ್ಟಿ ಬರೆದವಳು ನಾನು. ಮೊದಲ ಹೆಸರು ನಮ್ಮ ಪಕ್ಕದ ಮನೆಯ ಟೈಲರಕ್ಕನದು. ನಾನು ಒಳಗೊಳಗೇ ನಕ್ಕೆ. ಒಂದು ರವಿಕೆಗೆ ಇವತ್ತು ನಾಳೆ ಎಂದು ತಿಂಗಳು ಅಲೆದಾಡಿಸುವವಳು, ಭಾನುವಾರ ಬೆಳಗ್ಗೆ ಆರಕ್ಕೇ ಹಾರೆ ಹಿಡಿದು ಮರಳಿನಲ್ಲಿ ನಿಂತಿದ್ದಳು.

ಎಲ್ಲರೂ ಒಂದೊಂದು ಮಾರು ಬಿಟ್ಟು ನೆಟ್ಟರೆ, ತನ್ನ ಮನೆ ಎದುರಿನ ಸಾಲಿನಲ್ಲಿ ಮಾತ್ರ ಅವಳು ಒತ್ತೊತ್ತಾಗಿ ಗುಂಡಿ ತೋಡಿದಳು. ಇದೇನು ಸೀರೆಗೆ ಫಾಲ್ಸ್ ಹಚ್ಚುವ ಕೆಲಸವೇ ಎಂದು ರೇಗಿಸಿದೆ. ಅವಳು ನಗಲಿಲ್ಲ.

"ಬೇಗ ಬೆಳೆಯೋ ಗಿಡ ಯಾವ್ದಿದೆ, ಅದನ್ನೇ ಕೊಡು. ನಂಗೆ ನೀರು ಕಾಣಬಾರ್ದು."

ನನ್ನ ನಾಲಿಗೆ ಕಚ್ಚಿಕೊಂಡೆ. ಒಂಬತ್ತು ವರ್ಷದ ಹಿಂದೆ ಅವಳ ಗಂಡ ಮೀನಿಗೆ ಹೋಗಿದ್ದರು. ದೋಣಿ ಮರಳಿ ಬಂತು, ಅವರು ಬರಲಿಲ್ಲ. ಹೊಲಿಗೆ ಮೆಷಿನ್ ಇರುವುದು ಮುಂಗೋಣೆಯ ಕಿಟಕಿಯ ಬಳಿ. ಮುಚ್ಚಿದರೆ ಸೆಕೆ, ತೆರೆದರೆ ಕಡಲು. ಗಾಳಿಮರ ನೆಡು, ಮೂರೇ ವರ್ಷದಲ್ಲಿ ಮನೆಯ ಮಾಡಿನೆತ್ತರ ಮುಟ್ಟುತ್ತದೆ ಎಂದು ಹೇಳಿದವಳು ನಾನೇ.

ಅವಳು ಆ ಸಾಲನ್ನು ಮಕ್ಕಳಂತೆ ಸಾಕಿದಳು. ಬಾವಿಯಿಂದ ನೀರು ಹೊತ್ತಳು, ಆಡು ಬಾರದಂತೆ ಬಟ್ಟೆಯ ಚೂರುಗಳನ್ನು ಹೆಣೆದು ಬೇಲಿ ಕಟ್ಟಿದಳು. ಮರ ಎದ್ದಿತು, ಕಡಲು ಮರೆಯಾಯಿತು. ಆ ವಾರ ನನ್ನ ರವಿಕೆ ಹೇಳಿದ ದಿನಕ್ಕೇ ಸಿಕ್ಕಿತು. ಗೆದ್ದಳು ಎಂದುಕೊಂಡೆ.

ಮರುವರ್ಷ ಒಂದು ಮಧ್ಯಾಹ್ನ ಹೋದಾಗ ಮೆಷಿನ್ ನಿಂತಿತ್ತು. ಅರ್ಧ ಹೊಲಿದ ತೋಳು ಸೂಜಿಯ ಕೆಳಗೇ ಇತ್ತು. ಅವಳು ಕಣ್ಣು ಮುಚ್ಚಿ ಕುಳಿತಿದ್ದಳು. ಹೊರಗೆ ಗಾಳಿಮರಗಳು ಸೋ ಎನ್ನುತ್ತಿದ್ದವು. ದಂಡೆಯಲ್ಲಿ ಅಲೆಗಳದೂ ಅದೇ ಸದ್ದು. ಇದು ಮಾತ್ರ ಕಿಟಕಿಯ ಸರಳಿನಲ್ಲೇ ಇತ್ತು.

"ಮೊದ್ಲು ತಲೆ ಎತ್ತಿದ್ರೆ ಮಾತ್ರ ಕಡಲು ಇತ್ತು," ಎಂದಳು. "ಈಗ ಕಣ್ಣು ಮುಚ್ಚಿದ್ರೂ ಇದೆ. ಅದರೊಳಗಿಂದ ನಮ್ಮವರು ಕರೀತಾರೆ."

ಎಲ್ಲ ನನ್ನ ಸಲಹೆಯ ಫಲ. ನಿನ್ನ ಎದುರಿನ ನಾಲ್ಕು ಮರ ಕಡಿಸಿಬಿಡೋಣ, ಉಳಿದವರನ್ನು ನಾನು ಒಪ್ಪಿಸುತ್ತೇನೆ ಎಂದೆ.

ಅವಳು ಥಟ್ಟನೆ ಎದ್ದು ಕಿಟಕಿಗೆ ಅಡ್ಡ ನಿಂತಳು.

"ಇಷ್ಟು ವರ್ಷಕ್ಕೆ ಮನೆ ತನಕ ಬಂದಿದಾರೆ. ಕಡಿದ್ರೆ ಅವರು ಮತ್ತೆ ಎಲ್ಲಿಗೆ ಹೋಗ್ಬೇಕು?"