ಗುಂಪಿಗೆ ಹಾಕಿದ ಕೀಲಿಕೈ

ದೂರು ಕೊಟ್ಟ ಕೂಲಿಕಾರರ ಹೆಸರು ಗುತ್ತಿಗೆದಾರನಿಗೆ ಸಿಗುವಂತೆ ಮಾಡಿದ್ದು ನಮ್ಮದೇ ಸಂಘ. ಆ ಹೆಸರುಗಳಿದ್ದ ಸಂಘದ ಕಚೇರಿಯ ಕಂಪ್ಯೂಟರನ್ನು ಎಲ್ಲಿಂದಲಾದರೂ ತೆರೆಯಲೆಂದು ಸಂಘದ ಸದಸ್ಯೆ, ಗಾರೆ ಕೆಲಸದ ಶಾಂತವ್ವನ ಮೊಬೈಲಿನಲ್ಲಿ ನಾನು ಎಸ್‌ಎಸ್‌ಎಚ್ ಎಂಬ ದೂರದಿಂದ ಒಳಹೋಗುವ ವ್ಯವಸ್ಥೆ ಹಾಕಿಕೊಟ್ಟಿದ್ದೆ. ಅದಕ್ಕೆ ಗುಟ್ಟಿನ ಫೈಲೊಂದೇ ಕೀಲಿಕೈ. ಅದು ಫೋನು ಬಿಟ್ಟು ಹೋಗಬಾರದು. ಮರುದಿನ ಅದು ಸಂಘದ ವಾಟ್ಸಾಪ್ ಗುಂಪಿನಲ್ಲಿತ್ತು.

ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. "ಯಾಕ ಹಾಕಿದ್ರಿ, ಅಕ್ಕಾರ?"

"ನಾವು ಇರೋ ಮೋತಿ ಡೊಂಗರ್ ವಸ್ತಿಯಾಗ ಕೆಲಸಕ್ಕ ಹೋಗುವಾಗ ಮನಿ ಕೀಲಿಕೈ ಬಾಜೂ ಮನಿಯವ್ರಿಗೆ ಕೊಟ್ಟ ಹೋಗ್ತೀವಲ್ರಿ. ನನ್ನ ಫೋನ್ ಕಳದ್ರ ಯಾರರೆ ತೆಗಿಬೇಕಲ್ಲ?"

"ಗುಂಪಿನಾಗ ಗುತ್ತಿಗೆದಾರನ ಮೇಸ್ತ್ರಿನೂ ಅದಾನಲ್ರಿ!"

"ಅಯ್ಯ, ಅಣ್ಣಾ, ಅವನ್ನ ಸೇರಿಸಿದವ್ರು ಯಾರು? ನೀವ!"

ಖರೇ ಮಾತು. ಹಳೆಯ ಕೀಲಿಕೈಯನ್ನು ಅಲ್ಲೇ ರದ್ದು ಮಾಡಿದೆ. ಯಾರಾದರೂ ಅಷ್ಟರಲ್ಲಿ ಒಳಗೆ ಹೊಕ್ಕಿದ್ದರೋ ಎಂದು ಇನ್ನೂ ಹುಡುಕುತ್ತಿದ್ದೇನೆ. ನಿಮ್ಮ ಸಂಘದ ಗುಂಪನ್ನೂ ಈಗಲೇ ತೆರೆಯಿರಿ. ಮಾಲಕನ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಹಾಕಿ.