ಮೊರದ ಮೇಲಿನ ದ್ರಾಕ್ಷಿ ಚಪ್ಪರ

ನನ್ನ ಮದುವೆಯ ಹಿಂದಿನ ವರ್ಷ, ೧೯೫೮ರಲ್ಲಿ ನಡೆದದ್ದಿದು. ಆಗ ನಮ್ಮ ಮನೆ ಬ್ಯಾಟರಾಯನಪುರದಲ್ಲಿತ್ತು. ಅಪ್ಪ ದ್ರಾಕ್ಷಿ ತೋಟ ಮಾಡುತ್ತಿದ್ದರು. ನಾನು ಓದಿದ್ದು ಮೂರನೇ ಕ್ಲಾಸು, ತಂಗಿ ರತ್ನ ಅಷ್ಟೂ ಇಲ್ಲ. ಮಧ್ಯಾಹ್ನ ಮನೆಗೆಲಸ ಮುಗಿಸಿ ಇಬ್ಬರೂ ಊರಿನ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆವು.

ಒಂದು ದಿನ ಟೀಚರಮ್ಮ ನಮ್ಮನ್ನೆಲ್ಲ ಬಸ್ಸು ಹತ್ತಿಸಿ ಯಶವಂತಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಛತ್ರವೊಂದರಲ್ಲಿ ಕಸೂತಿ, ಕೌದಿ, ಕಂಬಳಿ, ಸೀರೆಗಳ ಪ್ರದರ್ಶನವಿತ್ತು. ಜಾಲರಿಯಂಥ ದಪ್ಪ ಬಟ್ಟೆಯ ತೂತುಗಳನ್ನು ಎಣಿಸಿ, ಉಲ್ಲನ್ ದಾರ ತುಂಬಿ ಮಾಡಿದ ಒಂದು ಗಿಳಿಗೆ ಗಾಜು ಹಾಕಿಸಿ ಇಟ್ಟಿದ್ದರು. ನಾನು ಅದರ ಮುಂದೆಯೇ ನಿಂತುಬಿಟ್ಟೆ. ರತ್ನ ಮಾತ್ರ ಸೀರೆಯ ಅಂಚು, ಕೌದಿಯ ತೇಪೆ, ಕಂಬಳಿಯ ಪಟ್ಟೆ ಎಲ್ಲವನ್ನೂ ನೋಡುತ್ತಾ ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು.

"ಏನೇ ಅದು, ದೆವ್ವ ಮೆಟ್ಕೊಂಡೋಳ್ ತರ?" ಎಂದೆ.

"ಸುಮ್ಕಿರಕ್ಕ, ಮರ್ತೋಯ್ತದೆ," ಎಂದಳು.

ಹಿಂತಿರುಗುವಾಗ ಟೀಚರಮ್ಮ, "ಮುಂದಿನ ಸಲ ನಮ್ ಕ್ಲಾಸಿಂದೂ ಇಡೋಣ ಕಣ್ರೇ. ಆದ್ರೆ ಜಾಲರಿ ಬಟ್ಟೆ ಕಮ್ಮಿ ಇದೆ, ಮನೆಗೊಂದೇ ತುಂಡು. ಸೋಮವಾರ ಬರ್ತೀನಿ. ಯಾರ್ದು ಚಿತ್ರ ಚೆನ್ನಾಗಿರುತ್ತೋ ಅವ್ರಿಗೆ," ಎಂದರು.

ನನಗೆ ಆ ಬಟ್ಟೆ ಬೇಕೇ ಬೇಕಿತ್ತು. ಆಗೆಲ್ಲ ಹೆಣ್ಣು ನೋಡಲು ಬಂದವರು ಕಾಫಿ ಕುಡಿಯುವ ಮೊದಲೇ ಗೋಡೆ ನೋಡುತ್ತಿದ್ದರು, ಹುಡುಗಿ ಕೈಯಲ್ಲಿ ಮಾಡಿದ್ದೇನಾದರೂ ಇದೆಯೇ ಎಂದು. ಹಿಂದೆ ಬಂದಿದ್ದ ಒಬ್ಬಾಕೆ ನಮ್ಮ ಗೋಡೆ ನೋಡಿ, "ಉಡ್ಗಿಗೆ ಕ್ಯಾಲೆಂಡರ್ ನೇತಾಕೋದ್ ಒಂದ್ ಬತ್ತದೇನೋ," ಎಂದು ನಕ್ಕು ಹೋಗಿದ್ದಳು. ಆ ಮಾತು ಮುಳ್ಳಿನಂತೆ ಒಳಗೇ ಉಳಿದಿತ್ತು.

ರತ್ನ ತನ್ನ ಚಿತ್ರವನ್ನು ಕಾಗದದಲ್ಲಿ ಬರೆಯಲಿಲ್ಲ. ಹಿತ್ತಿಲ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕಾಳು ಜೋಡಿಸಿದಳು. ಒಂದು ಕಾಳಿಗೆ ಒಂದು ಹೊಲಿಗೆ. ಎಲೆಗೆ ಹೆಸರುಕಾಳು, ಗೊಂಚಲಿಗೆ ಕರಿ ಉದ್ದು, ಕಂಬಕ್ಕೆ ಕಡಲೆ, ಸುತ್ತ ಅಕ್ಕಿಯ ಅಂಚು. ಯಶವಂತಪುರದಲ್ಲಿ ನೋಡಿದ್ದೆಲ್ಲ ಅದರೊಳಗಿತ್ತು, ಆದರೂ ಅದು ನಮ್ಮಪ್ಪನ ದ್ರಾಕ್ಷಿ ಚಪ್ಪರವೇ. ಅದರ ಮುಂದೆ ನಾನು ಕಾಗದದಲ್ಲಿ ಬರೆದಿದ್ದ ಗಿಳಿ ಏನೂ ಅಲ್ಲ ಎಂದು ನನಗೆ ಗೊತ್ತಾಯಿತು.

ಭಾನುವಾರ ಅವಳು ನೀರಿಗೆ ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಮೊರದ ತುದಿ ಹಿಡಿದು ಎತ್ತಿಬಿಟ್ಟೆ. ಕಾಳೆಲ್ಲ ಜಗಲಿಯ ಮೇಲೆ ಹರಡಿಹೋಯಿತು.

ಅವಳು ಬಂದಾಗ, "ಕೋಳಿ ಕಣೇ! ನಾನ್ ಒಳಗಿದ್ದೆ, ಎಲ್ಲಾ ಕೆದರಾಕ್ಬುಡ್ತು," ಎಂದೆ.

ರತ್ನ ಕೊಡ ಇಳಿಸಿ, ಬಚ್ಚಲ ಹಿಂದಕ್ಕೆ ಹೋಗಿ ಬಂದಳು. ಕೂತು ಕಾಳು ಆರಿಸತೊಡಗಿದಳು.

"ಓಗ್ಲಿ ಬುಡಕ್ಕ, ಸಾರಿಗಾಯ್ತು."

ಮಾರನೆಯ ದಿನ ಟೀಚರಮ್ಮ ಬಂದು, "ನಿಂದೇನೇ ರತ್ನ?" ಎಂದರೆ, "ನಂಗೇನೂ ಒಳೀಲಿಲ್ಲ ಟೀಚರಮ್ಮ. ಅಕ್ಕನ ಗಿಳಿ ಚೆನ್ನಾಗದೆ," ಎಂದಳು. ಬಟ್ಟೆ ನನಗೆ ಸಿಕ್ಕಿತು.

ತೂತು ಎಣಿಸುವುದರಲ್ಲಿ ನಾನು ತಪ್ಪಿದೆ. "ಗಿಳಿಗೆ ಯಾಕಮ್ಮಿ ಹದ್ದಿನ ಮೂತಿ?" ಎಂದು ಅಪ್ಪ ನಕ್ಕರು. ಕೊಕ್ಕನ್ನು ಬಿಚ್ಚಿ ಮತ್ತೆ ಹೊಲಿದವಳು ರತ್ನ. ರೆಕ್ಕೆಯಲ್ಲೂ ಅರ್ಧ ಅವಳದೇ. ಪ್ರದರ್ಶನದ ಹಿಂದಿನ ದಿನ, "ಕೆಳಗ್ ಮೂಲೆ ಕಾಲಿ ಅದೆ, ಕೊಡು, ನಾನೇ ತುಂಬಿ ಟೀಚರಮ್ಮಂಗೆ ಕೊಟ್ಬತ್ತೀನಿ," ಎಂದು ತೆಗೆದುಕೊಂಡು ಹೋದಳು.

ಯಶವಂತಪುರದ ಆ ಛತ್ರದ ಗೋಡೆಯ ಮೇಲೆ ನನ್ನ ಹೆಸರಿನ ಕೆಳಗೆ ಗಿಳಿ ತೂಗುತ್ತಿತ್ತು. ಹೆಮ್ಮೆಯಿಂದ ಹತ್ತಿರ ಹೋದೆ. ಕೆಳಗಿನ ಮೂಲೆಯಲ್ಲಿ, ಹೆಬ್ಬೆಟ್ಟಿನಷ್ಟು ಜಾಗದಲ್ಲಿ, ಒಂದು ಕೆಂಪು ಕೋಳಿ. ಅದರ ಮೇಲೆ ಕವುಚಿ ಹಾಕಿದ ಬಿದಿರು ಮಂಕರಿ.

"ಇದ್ಯಾಕೇ ಇಲ್ಲಿ?" ಎಂದೆ.

"ಅವತ್ತು ನೀರಿಗೋಗೋ ಮುಂಚೆ ಬಚ್ಚಲ್ ಇಂದ್ಗಡೆ ನಾನೇ ಕೋಳೀನ ಮುಚ್ಚಿದ್ನಲ್ಲಕ್ಕ, ಕಾಳು ತಿಂದಾತು ಅಂತ. ಪಾಪ, ಅದ್ರದ್ದೇನೂ ತಪ್ಪಿಲ್ಲ." ಅವಳ ದನಿಯಲ್ಲಿ ಕೋಪವೇ ಇರಲಿಲ್ಲ. ನನ್ನ ಕೈ ಹಿಡಿದು, "ಬಾ, ಆ ಕಡೆ ಒಸಾ ಕೌದಿ ಇಟ್ಟವ್ರೆ," ಎಂದು ಎಳೆದಳು.

ಟೀಚರಮ್ಮ ಅಲ್ಲೇ ಇದ್ದರು. ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಆ ಗಿಳಿಯನ್ನು ಮನೆಯ ಗೋಡೆಯಲ್ಲಿ ನೋಡಿಯೇ ನಮ್ಮ ಅತ್ತೆ ನನ್ನನ್ನು ಒಪ್ಪಿದರು. ರತ್ನಳಿಗೆ ಅಂಥ ಬಟ್ಟೆ ಮತ್ತೆ ಸಿಗಲೇ ಇಲ್ಲ.

ಈಗ ಗಿಳಿ ಯಲಹಂಕದ ನನ್ನ ಮನೆಯಲ್ಲಿದೆ. ರತ್ನ ಬಂದಾಗಲೆಲ್ಲ ಕೂರುವ ಮೊದಲು ಅದರ ಮೂಲೆ ನೋಡಿ, "ಕೋಳಿ ಚೆನ್ನಾಗದಾ?" ಎಂದು ಕೇಳುತ್ತಾಳೆ. ನಾನು ನಕ್ಕು ಕಾಫಿಗಿಡಲು ಒಳಗೆ ಹೋಗುತ್ತಿದ್ದೆ. ಕಳೆದ ಸಲ ಬಂದಾಗ ಪೇಟೆಯಿಂದ ತರಿಸಿಟ್ಟಿದ್ದ ಜಾಲರಿ ಬಟ್ಟೆಯನ್ನು ಅವಳ ಮಡಿಲಲ್ಲಿಟ್ಟೆ. ಮೊರ, ಕಾಳಿನ ಡಬ್ಬಗಳನ್ನೂ ತಂದು ಮುಂದಿಟ್ಟೆ.

"ಯಾಕಕ್ಕ, ಸಾರಿಗಾ?"

"ಅಲ್ಲ ಕಣೇ, ದ್ರಾಕ್ಷಿಗೆ. ಅವತ್ತು ಮೊರ ಎತ್ತಿದ್ದು ನಾನು."

"ಗೊತ್ತು ಬುಡು," ಎಂದು ಅವಳು ಉದ್ದಿನ ಡಬ್ಬಕ್ಕೆ ಕೈ ಹಾಕಿದಳು. ನಾನು ಎದ್ದು ಹೋಗಿ, ಕೋಳಿ ಬರದ ಹಾಗೆ, ಹಿತ್ತಿಲ ಬಾಗಿಲು ಮುಚ್ಚಿ ಬಂದು ಅವಳ ಪಕ್ಕ ಕುಳಿತೆ.