ಗುರುವಾರದ ಆಟಗಾರ

ಎರಡು ವರ್ಷ ನಾನು ಆಸ್ಟ್ರೇಲಿಯನ್ ಫುಟ್‌ಬಾಲ್‌ನ ವೃತ್ತಿಪರ ಆಟಗಾರನಾಗಿದ್ದೆ. ಮೊಟ್ಟೆಯಾಕಾರದ ಚೆಂಡು, ಮೈದಾನದ ತುದಿಗೆ ನಾಲ್ಕು ಕಂಬ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಹತ್ತಿ ಚೆಂಡು ಹಿಡಿಯುವ ಆಟ. ಇಲ್ಲಿಯವರು ಫುಟಿ ಎನ್ನುತ್ತಾರೆ. ಮೊದಲ ದರ್ಜೆಯಲ್ಲಿ ನಾನು ಆಡಿದ ಪಂದ್ಯಗಳು: ಸೊನ್ನೆ. ನಗಬೇಕೆನ್ನುವವರು ಈಗಲೇ ನಕ್ಕುಬಿಡಿ, ಮುಂದೆ ನನಗೆ ಸಿಟ್ಟು ಬರಲಿದೆ.

ಬೆಳೆದದ್ದು ಮೆಲ್ಬರ್ನಿನ ಪಶ್ಚಿಮಕ್ಕಿರುವ ಟಾರ್ನೀಟ್‌ನಲ್ಲಿ. ನಮ್ಮ ಬೀದಿಯ ಕನ್ನಡದ ಹುಡುಗರೆಲ್ಲ ಕ್ರಿಕೆಟ್ ಆಡುತ್ತಿದ್ದರು. ನಾನು ಉದ್ದವಿದ್ದೆ, ಎತ್ತರಕ್ಕೆ ಹಾರುತ್ತಿದ್ದೆ, ಯಾರನ್ನು ಕಂಡರೂ ಅವರಂತೆಯೇ ನಡೆದು ಮಾತಾಡಿ ತೋರಿಸುತ್ತಿದ್ದೆ. ಹದಿನೆಂಟಕ್ಕೆ ಡ್ರಾಫ್ಟ್ ಬಂತು. ದೇಶದ ಕ್ಲಬ್‌ಗಳೆಲ್ಲ ಸರದಿಯ ಮೇಲೆ ಹುಡುಗರನ್ನು ಆರಿಸಿಕೊಳ್ಳುವ ಏರ್ಪಾಡು ಅದು. ಯಾವ ಊರು ಕರೆಯುತ್ತದೋ ಆ ಊರಿಗೆ ಹೋಗಬೇಕು. ಕೊನೆಕೊನೆಗೆ, ಇನ್ನೇನು ಕುರ್ಚಿ ಮಡಚುತ್ತಾರೆ ಎನ್ನುವಾಗ, ಸಿಡ್ನಿಯ ಒಂದು ಕ್ಲಬ್ ನನ್ನ ಹೆಸರು ಕೂಗಿತು. ಮರುದಿನ ಅಪ್ಪನ ಸ್ನೇಹಿತರೊಬ್ಬರು ಬಾಗಿಲಲ್ಲೇ ಕೈ ಕುಲುಕಿದರು.

"ಕಂಗ್ರಾಟ್ಸ್ ಕಣಪ್ಪಾ! ಸಿಡ್ನೀಲಿ ಯಾವ ಯೂನಿವರ್ಸಿಟಿ?"

"ಯೂನಿವರ್ಸಿಟಿ ಅಲ್ಲ ಅಂಕಲ್, ಫುಟಿ."

"ಅದ್ಸರಿ. ಅದರ ಜೊತೆಗೆ ಏನ್ ಓದ್ತೀಯಾ ಅಂತ?"

ಅವರು ಕಾರು ಹತ್ತುವಷ್ಟರಲ್ಲಿ ನಾನು ಹೊಟ್ಟೆ ಮುಂದೆ ಮಾಡಿ, ಅಪ್ಪನ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅಮ್ಮನಿಗೆ ಅವರನ್ನು ಮಾಡಿ ತೋರಿಸಿಯಾಗಿತ್ತು.

ಆ ಚಟವೇ ನನ್ನನ್ನು ಮುಳುಗಿಸಿತು. ಸಿಡ್ನಿಗೆ ಹೋದ ಮೊದಲ ತಿಂಗಳು ಡ್ರೆಸಿಂಗ್ ರೂಮಿನ ಬೆಂಚಿನ ಮೇಲೆ ನಿಂತು ಕೋಚ್ ಅವರ ಭಾಷಣ ಮಾಡುತ್ತಿದ್ದೆ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದವರು ಗಪ್ಪೆಂದು ಸುಮ್ಮನಾದರು. ತಿರುಗಿದರೆ ಕೋಚ್. ಅವರ ಇಂಗ್ಲಿಷನ್ನು ಕನ್ನಡದಲ್ಲಿ ಮಿಮಿಕ್ರಿ ಮಾಡಿದರೆ ಹೀಗಿರುತ್ತದೆ: "ಮೇಟ್, ಪರವಾಗಿಲ್ವೇ! ಆಟಗಾರರನ್ನೂ ಹಿಂಗೇ ಮಾಡ್ತೀಯಾ?"

ಮಾಡುತ್ತೇನೆ ಎಂದೆ. ಬುದ್ಧಿಯನ್ನು ಟಾರ್ನೀಟ್‌ನಲ್ಲೇ ಮರೆತು ಬಂದಿದ್ದೆನೋ ಏನೋ.

ಕ್ಲಬ್ಬಿನಲ್ಲಿ ನಲವತ್ತಕ್ಕೂ ಹೆಚ್ಚು ಹುಡುಗರು. ವಾರದ ಪಂದ್ಯಕ್ಕೆ ಇಪ್ಪತ್ಮೂರು ಜನ. ಉಳಿದವರು ಮೀಸಲು ತಂಡದಲ್ಲಿ ಆಡಬೇಕು, ಗುರುವಾರದ ಟ್ರೈನಿಂಗ್‌ನಲ್ಲಿ ಎದುರಾಳಿ ತಂಡದ ವೇಷ ಹಾಕಬೇಕು. ಶನಿವಾರ ಎದುರಾಗುವ ದೊಡ್ಡ ಆಟಗಾರ ಹೇಗೆ ಓಡುತ್ತಾನೆ, ಯಾವ ಕಾಲಲ್ಲಿ ಒದೆಯುತ್ತಾನೆ ಎಂದು ನಮ್ಮವರಿಗೆ ಮೊದಲೇ ತೋರಿಸುವ ಕೆಲಸ. ಬೇರೆಯವರು ಕಾಟಾಚಾರಕ್ಕೆ ಮಾಡುತ್ತಿದ್ದರು. ನಾನು ವಿಡಿಯೋ ಹಾಕಿಕೊಂಡು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಒಬ್ಬ ಓಡುವ ಮುನ್ನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಇನ್ನೊಬ್ಬ ಒದೆಯುವ ಮುನ್ನ ಕಾಲುಚೀಲ ಎಳೆದುಕೊಳ್ಳುತ್ತಿದ್ದ. ಎಲ್ಲ ಕಲಿತೆ. ಎಡಗಾಲಿನ ಒದೆತವನ್ನೂ ಕಲಿತೆ.

ನಮ್ಮ ಡಿಫೆಂಡರ್ ಒಬ್ಬ ಶನಿವಾರ ಅಂಥ ಒಬ್ಬ ಮಹಾಶಯನನ್ನು ಅಲ್ಲಾಡದಂತೆ ಕಟ್ಟಿಹಾಕಿ, ಟಿವಿಯವರ ಮುಂದೆ "ತಯಾರಿ ಚೆನ್ನಾಗಿತ್ತು" ಎಂದ. ಆ ತಯಾರಿ ಸ್ಟ್ಯಾಂಡಿನಲ್ಲಿ ಕೂತು ಆಲೂಗಡ್ಡೆ ಚಿಪ್ಸ್ ತಿನ್ನುತ್ತಿತ್ತು.

ಮೀಸಲು ತಂಡದಲ್ಲಿ ಗೋಲು ಹೊಡೆಯುತ್ತಲೇ ಇದ್ದೆ. ಎರಡನೆಯ ವರ್ಷದ ಕೊನೆಗೆ ನನ್ನ ಕರಾರು ಮುಗಿಯುತ್ತಿತ್ತು. ಅಷ್ಟರೊಳಗೆ ಒಂದಾದರೂ ಪಂದ್ಯ ಆಡದಿದ್ದರೆ ಮನೆಗೆ ಕಳಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಆಗ ನಮ್ಮ ಫಾರ್ವರ್ಡ್ ಒಬ್ಬನ ತೊಡೆಯ ಸ್ನಾಯು ಹರಿಯಿತು. ನನ್ನದೇ ಜಾಗ. ಪಂದ್ಯ ಮೆಲ್ಬರ್ನಿನಲ್ಲಿ. ಕೋಚ್ ಕರೆದು ಕೂರಿಸಿದರು.

"ಮೇಟ್, ಈ ವಾರ ನೀನಿಲ್ದೆ ಆಗಲ್ಲ."

"ಥ್ಯಾಂಕ್ಸ್ ಕೋಚ್!"

"ಅವರ ಕಡೆ ಆ ಫಾರ್ವರ್ಡ್ ಇದಾನಲ್ಲ, ಅವನನ್ನ ನಿನ್ನಷ್ಟು ಚೆನ್ನಾಗಿ ಯಾರೂ ಮಾಡಲ್ಲ. ನಿನ್ನನ್ನ ಟೀಮಿಗೆ ಹಾಕ್ಕೊಂಡ್ರೆ ಗುರುವಾರ ಅವನಾಗೋರು ಯಾರು ಹೇಳು?"

ಈ ತರ್ಕವನ್ನು ನಾನು ಇವತ್ತಿಗೂ ತಿರುಗಿಸಿ ಮುರುಗಿಸಿ ನೋಡುತ್ತೇನೆ. ಎಲ್ಲಿಂದ ಹಿಡಿದರೂ ಮೈ ಉರಿಯುತ್ತದೆ. ಎದುರಾಳಿಯನ್ನು ನನ್ನಷ್ಟು ಚೆನ್ನಾಗಿ ಆಡುವವರು ಯಾರೂ ಇಲ್ಲವಂತೆ, ಆದ್ದರಿಂದ ನಾನು ಆಡಬಾರದಂತೆ! ನನ್ನ ಜಾಗಕ್ಕೆ ನನಗಿಂತ ಕಿರಿಯನೊಬ್ಬನನ್ನು ಹಾಕಿದರು. ಅವನಿಗೆ ಮಿಮಿಕ್ರಿ ಬರುತ್ತಿರಲಿಲ್ಲ, ಪುಣ್ಯವಂತ.

ಗುರುವಾರ ಎದುರಾಳಿಯ ನಂಬರಿನ ಬನಿಯನ್ ತೊಟ್ಟು ಮೈದಾನಕ್ಕಿಳಿದೆ. ಆಡಿದ್ದು ಮಾತ್ರ ನನ್ನ ಆಟ. ಬಲಗಾಲಿನಲ್ಲಿ ಒದ್ದೆ. ನಮ್ಮ ಡಿಫೆಂಡರನ ತಲೆಯ ಮೇಲಿಂದ ಮೂರು ಸಲ ಚೆಂಡು ಹಿಡಿದೆ. ಕೋಚ್ ಶಿಳ್ಳೆ ಊದಿದರು.

"ಏ, ಅವನು ಹಂಗೆ ಮಾಡಲ್ಲ!"

"ಗೊತ್ತು ಕೋಚ್. ನಾನು ಮಾಡ್ತೀನಿ."

"ಸರಿಯಾಗಿ ಮಾಡು. ಇಲ್ದಿದ್ರೆ ಒಳಗೆ ನಡಿ."

ಮುಂದೇನಾಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಸರಿಯಾಗಿ ಮಾಡಿದೆ. ಎರಡು ಹೆಜ್ಜೆ ಹಿಂದೆ, ಎಡಗಾಲು, ಎಲ್ಲ. ವಿಧೇಯನಾಗಿದ್ದರೆ ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಾರೆಂಬ ಆಸೆ. ಕೋಚ್ ಮೇಲೆ ಎಷ್ಟು ಸಿಟ್ಟಿದೆಯೋ ಅದರಲ್ಲಿ ಅರ್ಧ ನನ್ನ ಮೇಲೂ ಇದೆ.

ಕೊನೆಗಳಿಗೆಯಲ್ಲಿ ಯಾರಾದರೂ ಗಾಯಗೊಂಡರೆ ಬದಲಿಗೆ ಬೇಕಾದೀತೆಂದು ನನ್ನನ್ನೂ ಮೆಲ್ಬರ್ನಿಗೆ ಕರೆದೊಯ್ದರು. ತಂಡದ ಜೊತೆ ಬರುತ್ತಿದ್ದೇನೆ ಎಂದಷ್ಟೇ ಮನೆಗೆ ಹೇಳಿದ್ದೆ. ಉಳಿದದ್ದನ್ನು ಅಪ್ಪ ತಾವೇ ಸೇರಿಸಿಕೊಂಡು ಟಿಕೆಟ್ ಬುಕ್ ಮಾಡಿದ್ದರು. ನಾನು ಎಲ್ಲರೊಡನೆ ಮೈ ಬಿಸಿ ಮಾಡಿಕೊಳ್ಳುವುದನ್ನು ನೋಡಿ ಕೈಬೀಸಿ, ಫೋಟೋ ತೆಗೆದರು. ಯಾರಿಗೂ ಏನೂ ಆಗಲಿಲ್ಲ. ಪಂದ್ಯ ಶುರುವಾಗುವ ಮುನ್ನ ನಾನು ಒಳಗೆ ಹೋಗಿ, ಬಟ್ಟೆ ಬದಲಿಸಿ ಸ್ಟ್ಯಾಂಡಿಗೆ ಬಂದೆ. ಫೋನು ಬಂತು.

"ಎಲ್ಲಿದೀಯೋ? ಗ್ರೌಂಡಲ್ಲಿ ನೀನು ಕಾಣ್ತಾನೇ ಇಲ್ಲ."

"ಹಿಂದೆ ತಿರುಗಿ ಅಪ್ಪಾ. ಎಂಟು ಸಾಲು ಮೇಲೆ. ಕೋಟು ಹಾಕಿರೋನು ನಾನೇ."

ಅಪ್ಪ ತಿರುಗಿ ನೋಡಿದರು. ಅಮ್ಮನೂ ನೋಡಿದರು. ಅಮ್ಮ ಬ್ಯಾಗಿನಿಂದ ಚಕ್ಕುಲಿಯ ಡಬ್ಬಿ ತೆಗೆದು, ಸಾಲಿನಿಂದ ಸಾಲಿಗೆ ಅಪರಿಚಿತರ ಕೈಯಲ್ಲಿ ಮೇಲೆ ಕಳಿಸಿದರು.

ಆ ವರ್ಷದ ಪಂದ್ಯಗಳೆಲ್ಲ ಮುಗಿದ ಮೇಲಿನ ಮಾತುಕತೆ ಹತ್ತು ನಿಮಿಷ. ಕರಾರು ಮುಂದುವರಿಯುವುದಿಲ್ಲ ಎಂದು ಹೇಳಿ, ಕೋಚ್ ಮುಂದೆ ಬಾಗಿದರು: "ಆದ್ರೆ ಗುರುವಾರ ಗುರುವಾರ ಬಾ. ಟ್ರೈನಿಂಗ್‌ಗೆ ಸಹಾಯ ಮಾಡೋಕೆ."

"ನನ್ನ ಆಟದಲ್ಲಿ ಏನು ಕಮ್ಮಿ ಇತ್ತು ಕೋಚ್?" ಎಂದೆ.

ಅವರು ಫೈಲು ತೆರೆದರು, ಮಗುಚಿದರು. ಉಳಿದವರಿಗೆಲ್ಲ ಪುಟಗಟ್ಟಲೆ ಇದ್ದದ್ದು ನನಗೆ ಗೊತ್ತು. ನನ್ನದರಲ್ಲಿ ಒಂದೇ ಸಾಲು, ತಲೆಕೆಳಗಾಗಿಯೂ ಓದಲು ಬಂತು: ಟ್ರೈನಿಂಗ್‌ನಲ್ಲಿ ತುಂಬಾ ಉಪಯುಕ್ತ.

"ಶನಿವಾರ ಬೇಕಾದ್ರೆ ಕರೀರಿ," ಎಂದೆ. "ಗುರುವಾರ ಬರಲ್ಲ."

ಕಾರ್ ಪಾರ್ಕಿಂಗ್‌ನಿಂದ ಅಪ್ಪನಿಗೆ ಫೋನು ಮಾಡಿದೆ. ಅವರು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನ ಆಫೀಸಿನಿಂದ ಟ್ರಾಮ್ ಹತ್ತಿದ್ದರು. ಟ್ರಾಮ್‌ನಲ್ಲಿ ಫೋನು ಬಂದರೆ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಡುವ ಮನುಷ್ಯ. ನಡೆದದ್ದೆಲ್ಲ ಹೇಳಿದೆ, ಆ ಫೈಲಿನ ಸಾಲು ಸಮೇತ.

"ಎರಡು ವರ್ಷಕ್ಕೆ ಒಂದು ಸಾಲಾ?" ಅಪ್ಪ ಕೂಗಿದರು. "ಮನುಷ್ಯನಾ ಅವನು? ನನ್ನ ಮಗ ಏನು ಅವನ ಮನೆ ಸಾಮಾನಾ?"

"ಅಪ್ಪಾ, ಮೆಲ್ಲಗೆ. ಟ್ರಾಮಲ್ಲಿ ಎಲ್ಲಾ ನೋಡ್ತಿರ್ತಾರೆ."

"ನೋಡ್ಲಿ!" ಎಂದು ಅಪ್ಪ ಇನ್ನಷ್ಟು ಜೋರಾಗಿ ಶುರುಮಾಡಿದರು.